ಬುಧವಾರದ ದಾರ

ನಾನು ಓದಿದ್ದು ಎರಡನೆಯ ಇಯತ್ತೆ, ಅದೂ ದೀಪಾವಳಿ ಸೂಟಿಯ ತನಕ. ಆಮೇಲೆ ಶಾಲೆಯ ಮೆಟ್ಟಿಲು ಹತ್ತಿದ್ದು ನಲವತ್ತು ದಾಟಿದ ಮೇಲೆ, ಕೈಯಲ್ಲಿ ಸೌಟು ಹಿಡಿದುಕೊಂಡು. ಮಕ್ಕಳ ಮಧ್ಯಾಹ್ನದ ಊಟದ ಅಡುಗೆ ಇಪ್ಪತ್ತಾರು ವರ್ಷ ನನ್ನದಾಗಿತ್ತು. ನನ್ನ ಹೆಸರು ಪುತಳಾಬಾಯಿ. ಮಕ್ಕಳೆಲ್ಲ ಆಯಿ ಅನ್ನುತ್ತಿದ್ದರು, ಈಗ ಅವರ ಮಕ್ಕಳೂ ಹಾಗೇ ಅನ್ನುತ್ತಾರೆ. ದಾನಮ್ಮನ ದಾರ ಬಿಚ್ಚಿದ ವರ್ಷ ಏನಾಯಿತು ಅಂತ ಆ ಮಕ್ಕಳು ಕೇಳುತ್ತಲೇ ಇರುತ್ತಾರೆ. ಒಮ್ಮೆ ಪೂರ್ತಿ ಹೇಳಿ ಮುಗಿಸುತ್ತೇನೆ.

ನಮ್ಮ ಊರಲ್ಲಿ ಬುಧವಾರ ಎಲ್ಲರಿಗೂ ಒಂದೇ ಮುಖ. ಹೊತ್ತು ಮೂಡುವಾಗ ಬರುತ್ತದೆ, ಹೊತ್ತು ಮುಳುಗುವಾಗ ಹೋಗುತ್ತದೆ. ಮುದುಕರು, ಮಕ್ಕಳು, ಗಂಡಸರು, ಹೆಂಗಸರು ಅನ್ನುವ ಭೇದವಿಲ್ಲ. ಮುಖವೇನೂ ಕೆಟ್ಟದ್ದಲ್ಲ. ಮೂಗು ತುಸು ಉದ್ದ, ಕೆನ್ನೆ ತುಂಬಿಕೊಂಡಿದೆ, ನಕ್ಕರೆ ಎಡಗಡೆ ಸಣ್ಣ ಗುಳಿ ಬೀಳುತ್ತದೆ. ಇದು ನಮ್ಮ ಮುತ್ತಜ್ಜಿಯ ಮುಖ ಅಂತ ಊರಲ್ಲಿ ಕಡಿಮೆಯೆಂದರೂ ಹತ್ತು ಮನೆಯವರು ಜಗಳ ತೆಗೆಯುತ್ತಾರೆ. ಆ ದಿನ ಫೋಟೋ ಸ್ಟುಡಿಯೋದವನು ಬಾಗಿಲು ತೆರೆಯುವುದಿಲ್ಲ, ಪೊಲೀಸರು ಯಾರನ್ನೂ ಹಿಡಿಯುವುದಿಲ್ಲ, ಗುರುವಾರ ನೋಡೋಣ ಅನ್ನುತ್ತಾರೆ. ತಿಳಿದ ಮನೆತನದವರು ಹೆಣ್ಣು ನೋಡುವ ಶಾಸ್ತ್ರವನ್ನು ಬುಧವಾರಕ್ಕೇ ಇಟ್ಟುಕೊಳ್ಳುತ್ತಾರೆ. ನನ್ನ ಗಂಡ ನನ್ನನ್ನು ನೋಡಿದ್ದೂ ಬುಧವಾರವೇ. ಏನು ನೋಡಿ ಒಪ್ಪಿದೆ ಅಂತ ಕೇಳಿದರೆ, ನೀನು ಚಹಾದ ತಟ್ಟೆ ಇಟ್ಟ ರೀತಿ ನೋಡಿ ಅನ್ನುತ್ತಿದ್ದ.

ದೊಡ್ಡವರಿಗೆ ಇದೆಲ್ಲ ರೂಢಿ. ಸೀರೆ, ಪೇಟ, ದನಿ, ನಡಿಗೆ ಹಿಡಿದು ಹೇಗೋ ದಿನ ಕಳೆಯುತ್ತೇವೆ. ಕಷ್ಟ ಇರುವುದು ಮಕ್ಕಳಿಗೆ. ನಾನು ಚಿಕ್ಕವಳಿದ್ದಾಗ ಒಂದು ಹುಡುಗ ಸಂತೆಯಲ್ಲಿ ತಾಯಿಯದೇ ಬಣ್ಣದ ಹಸಿರು ಸೀರೆಯ ಬೆನ್ನು ಹತ್ತಿ ಇನ್ಯಾರದೋ ಮನೆಗೆ ಹೋಗಿ, ಹೋಳಿಗೆ ತಿಂದು, ಮಲಗಿ, ಸಂಜೆ ಎದ್ದು ನೋಡಿ ಕಿರುಚಿಕೊಂಡಿದ್ದ. ಆ ಮನೆಯ ಹುಡುಗ ಮತ್ತೊಂದು ಮನೆಯಲ್ಲಿದ್ದ. ಹಾಗೆ ನಾಲ್ಕು ಮನೆಯ ಮಕ್ಕಳು ಅದಲುಬದಲಾಗಿ, ಅವರವರನ್ನು ಅವರವರ ಮನೆ ಮುಟ್ಟಿಸುವಷ್ಟರಲ್ಲಿ ಹಿರಿಯರಿಗೆ ಸಾಕುಸಾಕಾಯಿತು. ಅಂದಿನಿಂದ ಬುಧವಾರದ ದಾರ ಬಂತು. ಮಗುವಿನ ಸೊಂಟಕ್ಕೂ ತಾಯಿಯ ಸೊಂಟಕ್ಕೂ ನಡುವೆ ಒಂದು ಕೆಂಪು ದಾರ. ಒಂಬತ್ತು ತುಂಬಿದ ಮೇಲೆ ವರ್ಷಕ್ಕೊಂದು ಸಲ ಶಾಲೆಯ ಅಂಗಳದಲ್ಲಿ ಪರೀಕ್ಷೆ. ತಾಯಂದಿರು ತಲೆಯಿಂದ ಕಂಬಳಿ ಹೊದ್ದು, ಮಾತಾಡದೆ ಸಾಲಾಗಿ ನಿಲ್ಲುತ್ತಾರೆ. ಮಗು ತನ್ನ ತಾಯಿಯನ್ನು ಹುಡುಕಿ ಕೈ ಹಿಡಿದರೆ ದಾರ ಬಿಚ್ಚುತ್ತಾರೆ. ಬಿಚ್ಚಿದವರಿಗೆ ಮಾತ್ರ ಕೆರೆಯ ಆಚೆಯ ದೊಡ್ಡ ಶಾಲೆ. ಅಲ್ಲಿಗೆ ಬುಧವಾರವೂ ಒಬ್ಬರೇ ನಡೆದು ಹೋಗಬೇಕಲ್ಲ.

ದಾನಮ್ಮ ಮೂರು ಸಲ ತಪ್ಪಿದ್ದಳು. ವಯಸ್ಸು ಹನ್ನೆರಡು ತುಂಬಿತ್ತು. ಹದಿಮೂರು ತುಂಬಿದವರಿಗೆ ಪರೀಕ್ಷೆ ಇಲ್ಲ ಅನ್ನುವುದು ನಿಯಮ, ಹಾಗಾಗಿ ಇದೇ ಕೊನೆಯ ಸಲ. ಅವಳ ತಾಯಿ ಕಸ್ತೂರಿ ಬಸ್ ನಿಲ್ದಾಣದ ಎದುರು ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ಬುಧವಾರ ದಾನಮ್ಮ ಬೆಳಿಗ್ಗೆ ಮಾತ್ರ ಶಾಲೆಯಲ್ಲಿ, ಊಟ ಆದ ಮೇಲೆ ತಾಯಿ ಬಂದು ಮಗಳ ಸೊಂಟದ ದಾರದ ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು ಕರೆದುಕೊಂಡು ಹೋಗುವಳು. ಅಷ್ಟೆತ್ತರದ ಹುಡುಗಿ ಕರುವಿನ ಹಾಗೆ ಬಾಣಲೆಯ ಪಕ್ಕ ಕೂತಿರುವುದನ್ನು ನೋಡಿ ಅವಳ ಜೊತೆಯ ಹುಡುಗಿಯರು ದೊಡ್ಡ ಶಾಲೆಯಿಂದ ಬರುವಾಗ, "ಏನಬೇ ದಾನಿ, ಗೂಟ ಗಟ್ಟಿ ಐತಿಲ್ಲೋ?" ಅಂತ ಕೇಳಿ ಹೋಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಗುರುವಾರ ಊಟದ ಹೊತ್ತಿಗೆ ತಾಟಿನಲ್ಲಿ ಅನ್ನ ಉಳಿಸುತ್ತಿದ್ದಳು.

ಆ ವರ್ಷ ಜಯಶೀಲಾ ಅನ್ನುವ ಅಕ್ಕೋರು ಹೊರಗಿನ ಊರಿಂದ ನಮ್ಮ ಶಾಲೆಗೆ ಪಾಠ ಹೇಳಲು ಬಂದರು. ಮೊದಲನೆಯ ಬುಧವಾರ ಅವರ ಅವಸ್ಥೆ ನೋಡಬೇಕಿತ್ತು. ಮೂವತ್ತೆಂಟು ಮಕ್ಕಳು, ಒಂದೇ ಸಮವಸ್ತ್ರ, ಒಂದೇ ಮುಖ. ಎರಡನೆಯ ಬುಧವಾರ ಜಾಣತನ ಮಾಡಿ ಎಲ್ಲರ ಕೊರಳಿಗೂ ಹೆಸರು ಬರೆದ ಚೀಟಿ ಹಾಕಿಸಿದರು. ನಾನು ಅಡುಗೆ ಮನೆಯ ಕಿಟಕಿಯಿಂದ ಕೇಳುತ್ತಿದ್ದೆ.

"ಈರಣ್ಣ, ಏಳು ಮೇಲೆ. ನೀನೇ ಅಲ್ವಾ ಶಿಳ್ಳೆ ಹಾಕಿದ್ದು?"

"ನಾ ಈರಣ್ಣ ಅಲ್ರೀ ಅಕ್ಕೋರ."

"ಮತ್ತೆ ಕೊರಳಲ್ಲಿ ಏನದು?"

"ಇದು ಈರಣ್ಣಂದ್ರೀ. ನಂದು ಮೌಲಾನ ಕೊರಳಾಗೈತಿ. ಮೌಲಾಂದು ಎಲ್ಲಿ ಹೋತೋ ಗೊತ್ತಿಲ್ರೀ."

ಇಡೀ ಕ್ಲಾಸು ಒಂದೇ ನಗು ನಕ್ಕಿತು. ಬುಧವಾರ ಅದು ನಿಜಕ್ಕೂ ಒಂದೇ ನಗು, ಮೂವತ್ತೆಂಟು ಗುಳಿ ಎಡಗಡೆಯೇ ಬೀಳುತ್ತವೆ.

ಊಟದ ಹೊತ್ತಿಗೆ ಅಕ್ಕೋರು ಸೋತು ಬಂದು ನನ್ನ ಪಕ್ಕ ಕೂತರು. ನಾನು ಬಡಿಸುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದವರು ನನ್ನ ಸೌಟು ಹಿಡಿದು ನಿಲ್ಲಿಸಿದರು.

"ಪುತಳಾಬಾಯಿ, ಇವನಿಗೆ ಬರೀ ಸಾರು ಹಾಕಿದ್ರಿ. ಬದನೆಕಾಯಿ ಯಾಕೆ ಹಾಕ್ಲಿಲ್ಲ?"

"ಈರಣ್ಣಗ ಬದನಿಕಾಯಿ ತಿಂದ್ರ ಮೈ ತುರಿಸ್ತದ್ರೀ."

"ಇವನು ಈರಣ್ಣ ಅಂತ ಯಾರು ಹೇಳಿದ್ರು? ಚೀಟೀಲಿ ಮೌಲಾ ಅಂತಿದೆ."

"ತಾಟು ಹಿಡಿದಾನಲ್ರೀ," ಅಂದೆ ನಾನು. ಹೇಳುವುದಕ್ಕೆ ಮತ್ತೇನಿತ್ತು? ಈರಣ್ಣ ತಾಟನ್ನು ಎದೆಗೆ ಒತ್ತಿ ಹಿಡಿಯುತ್ತಾನೆ, ಯಾರೋ ಕಸಿಯುತ್ತಾರೆ ಅನ್ನುವ ಹಾಗೆ. ಅವನ ಮನೆಯಲ್ಲಿ ನಾಲ್ಕು ಜನ ಅಣ್ಣಂದಿರು. ಮೌಲಾ ಎರಡೂ ಕೈ ಕೆಳಗಿಟ್ಟು ಹಿಡಿಯುತ್ತಾನೆ. ದಾನಮ್ಮ ತಾಟು ಮುಂದೆ ಮಾಡಿ ಮುಖ ಬೇರೆ ಕಡೆ ತಿರುಗಿಸುತ್ತಾಳೆ. ಮುಖ ಎಂಥದ್ದಾದರೇನು, ಸೌಟು ನೋಡುವುದು ಕೈಯನ್ನು.

ಅಕ್ಕೋರು ಚೀಟಿಗಳನ್ನೆಲ್ಲ ತೆಗೆಸಿ ನನ್ನ ಒಲೆಗೆ ಹಾಕಿದರು. "ಮುಂದಿನ ಬುಧವಾರ ನಾಲ್ಕನೇ ತಾಸಿಗೆ ನೀವು ಕ್ಲಾಸಿಗೆ ಬರಬೇಕು," ಅಂದರು.

"ನಾನ? ಅಕ್ಕೋರ, ನಾ ಎರಡನೇತ್ತ ಸೈತ ಮುಗಿಸಿಲ್ರೀ."

"ಇದು ನನಗೆ ಬರೋದಿಲ್ಲ, ನಿಮಗೆ ಬರ್ತದೆ. ಅಷ್ಟೇ ಸಾಕು."

ಹೋದೆ. ಮಾತಾಡಿ ಕಲಿಸುವುದು ನನ್ನಿಂದ ಆಗದ ಕೆಲಸ. ಹಾಗಾಗಿ ಒಬ್ಬ ಹುಡುಗನನ್ನು ಎಬ್ಬಿಸಿ, ನಮಗೆ ಬೆನ್ನು ಮಾಡಿ ಮೂಲೆಯ ಹಂಡೆಯಿಂದ ನೀರು ಕುಡಿದು ಬಾ ಅಂದೆ. "ಯಾರು ಹೇಳ್ರಿ."

"ಮೌಲಾ!" ಅಂತ ಕೂಗಿದರು.

"ಹೆಂಗ ಗೊತ್ತಾತು?"

"ಅವನ ಚಡ್ಡಿ ಹಿಂದ ಹರದೈತಿ ಆಯಿ!"

"ಚಡ್ಡಿ ಇವತ್ತ ಸಂಜಿಗಿ ಅವರವ್ವ ಹೊಲಿತಾಳ. ಆಮ್ಯಾಲೆ ಹೆಂಗ ಹುಡುಕ್ತೀರಿ?" ಅಂದೆ. ಮತ್ತೆ ಕುಡಿಸಿದೆ, ಮತ್ತೆ ಮತ್ತೆ ಕುಡಿಸಿದೆ. ಪಾಪ, ಮೌಲಾ ಅವತ್ತು ಐದು ಲೋಟ ನೀರು ಕುಡಿದ. ಐದನೆಯ ಸಲ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಅಂದ, "ಆಯಿ, ಅವ ಕುಡಿಯೋಮುಂದ ಎಡಗಾಲಿನ ಹಿಮ್ಮಡಿ ಎತ್ತತಾನ." ಎಲ್ಲರೂ ಬಗ್ಗಿ ನೋಡಿದರು. ಹೌದು, ಎತ್ತುತ್ತಿದ್ದ. ಮೌಲಾನಿಗೇ ಅದು ಗೊತ್ತಿರಲಿಲ್ಲ.

ಅಲ್ಲಿಂದ ಬುಧವಾರದ ನಾಲ್ಕನೇ ತಾಸು ನೋಡುವ ತಾಸಾಯಿತು. ಅಕ್ಕೋರು ಅದಕ್ಕೆ ಚಿತ್ರ ಸೇರಿಸಿದರು. ನನ್ನ ಒಲೆಯ ಇದ್ದಿಲು, ಹಳೆಯ ರದ್ದಿ ಕಾಗದ. ನಿಯಮ ಒಂದೇ, ಮುಖ ಬರೆಯುವಂತಿಲ್ಲ. ಮೊದಮೊದಲು ಮಕ್ಕಳ ಕೈ ತಾನಾಗಿ ಒಂದು ಸುತ್ತು ಎಳೆದು ಎರಡು ಕಣ್ಣು ಇಡುತ್ತಿತ್ತು. ಅಕ್ಕೋರು ಅದರ ಮೇಲೆ ಹೆಬ್ಬೆರಳಿಂದ ಉಜ್ಜಿ, "ಬೆನ್ನು ನೋಡು, ಮೊಣಕೈ ನೋಡು, ಎರಡು ಕಾಲಿನ ನಡುವೆ ಎಷ್ಟು ಜಾಗ ಇದೆ ನೋಡು. ನೋಡಿದ ಮೇಲೆ ಕಣ್ಣು ಮುಚ್ಚು. ಮುಚ್ಚಿದಾಗ ಉಳಿದದ್ದನ್ನು ಬರಿ," ಅನ್ನುತ್ತಿದ್ದರು. ಎರಡು ತಿಂಗಳಲ್ಲಿ ಗೋಡೆಯ ತುಂಬ ಬೆನ್ನುಗಳೇ. ಹೆಡ್ ಮಾಸ್ತರರು ಬಂದು ನೋಡಿ, "ಏನ್ರೀ ಅಕ್ಕೋರ ಇದು, ಎಲ್ಲಾರೂ ಸಾಲಿ ಬಿಟ್ಟು ಹೊಂಟಂಗ ಕಾಣಸ್ತೈತಿ. ಒಬ್ಬರಾದ್ರೂ ನನ್ನ ಕಡಿ ನೋಡವಲ್ರು!" ಅಂದರು. ಆಮೇಲೆ ಗೋಡೆಯ ತುದಿಯಲ್ಲಿ ಬಾಗಿದ ಒಂದು ಬೆನ್ನು, ಹಿಂದೆ ಕೈ ಕಟ್ಟಿ ಬೆರಳಲ್ಲಿ ಬೀಗದ ಕೈ ತಿರುಗಿಸುತ್ತಿರುವ ಚಿತ್ರ ಕಂಡು ತಮ್ಮ ಕೈ ಕಡೆ ನೋಡಿಕೊಂಡರು. ಬೀಗದ ಕೈ ತಿರುಗುತ್ತಲೇ ಇತ್ತು.

ದಾನಮ್ಮನ ಚಿತ್ರ ಮಾತ್ರ ಬೇರೆ ಥರ. ತಾಯಿಯನ್ನು ಬರಿ ಅಂದರೆ ಸೀರೆಯ ಅಂಚು, ಬಳೆ, ಮುಡಿಯಲ್ಲಿ ಅಬ್ಬಲಿಗೆ ಹೂವು, ಎಲ್ಲ ಒಂದೂ ಬಿಡದೆ ಬರೆಯುತ್ತಿದ್ದಳು. ಒಳಗೆ ಮನುಷ್ಯರೇ ಇರುತ್ತಿರಲಿಲ್ಲ.

"ದಾನಮ್ಮ, ಇದು ಹಗ್ಗದ ಮೇಲೆ ಒಣಗಿಸಿದ ಸೀರೆ. ಅವ್ವ ಎಲ್ಲಿ?" ಅಂತ ಅಕ್ಕೋರು ಕೇಳಿದರು.

"ಹೂ ನೋಡಿದ್ರ ಸಾಕು ಅಂತ ಅವ್ವಾನ ಹೇಳ್ಯಾಳ್ರೀ," ಅಂದಳು.

ಆಗ ನನಗೆ ಹಿಂದಿನ ಮೂರು ವರ್ಷವೂ ನೆನಪಿಗೆ ಬಂತು. ಕಸ್ತೂರಿಗೆ ಮಗಳ ಮೇಲೆ ಜೀವ. ಮಗಳು ಸೋಲಬಾರದು ಅಂತ ಪ್ರತಿ ಸಲವೂ ಒಂದು ಗುಟ್ಟಿನ ಗುರುತು ಹೇಳಿಕೊಡುವಳು. ಮೊದಲನೆಯ ವರ್ಷ ಕಾಲಿನ ಹೆಬ್ಬೆರಳಿಗೆ ಅರಿಶಿನ ಹಚ್ಚಿಕೊಂಡು ನಿಂತಳು. ಸಾಲಿನಲ್ಲಿದ್ದ ಹನ್ನೆರಡು ತಾಯಂದಿರಲ್ಲಿ ಹನ್ನೊಂದು ಜನಕ್ಕೆ ಅದೇ ಉಪಾಯ ಹೊಳೆದಿತ್ತು. ದಾನಮ್ಮ ಮೊದಲನೆಯ ಹಳದಿ ಹೆಬ್ಬೆರಳಿನ ಕೈ ಹಿಡಿದಳು. ಎರಡನೆಯ ವರ್ಷ ಎರಡು ಸಲ ಕಣ್ಣು ಮಿಟುಕಿಸುತ್ತೇನೆ ಅಂದಳು. ಗಾಳಿ ಬಂದು ಮಣ್ಣು ಎದ್ದು ಇಡೀ ಸಾಲು ಮಿಟುಕಿಸಿತು. ಮೂರನೆಯ ವರ್ಷ ಕೆಮ್ಮು. ಅದರಲ್ಲಿ ನನ್ನದೂ ತಪ್ಪಿದೆ. ಸರಿಯಾಗಿ ಆ ಹೊತ್ತಿಗೆ ನಾನು ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ, ತಾಯಂದಿರಷ್ಟೇ ಏಕೆ, ಹೆಡ್ ಮಾಸ್ತರರೂ ಕೆಮ್ಮಿದರು.

ನಾನು ಇದನ್ನೆಲ್ಲ ಅಕ್ಕೋರಿಗೆ ಹೇಳಿದೆ. ಅವರು ದಾನಮ್ಮನನ್ನು ಕರೆದು, ಪರೀಕ್ಷೆಯ ತನಕ ಪ್ರತಿ ಬುಧವಾರ ಬಜ್ಜಿ ಅಂಗಡಿಯಲ್ಲಿ ಕೂತು ತಾಯಿಯ ಒಂದು ಚಿತ್ರ ಬರೆದು ತರಬೇಕು, ಹೂವು ಬಳೆ ಸೀರೆ ಯಾವುದೂ ಬರೆಯುವ ಹಾಗಿಲ್ಲ ಅಂದರು. "ಮತ್ತೇನು ಉಳೀತದ್ರೀ?" ಅಂತ ಕೇಳಿದಳು ಹುಡುಗಿ. "ಅದನ್ನೇ ನಾನೂ ನೋಡಬೇಕು," ಅಂದರು ಅಕ್ಕೋರು.

ಮೊದಲನೆಯ ವಾರ ಖಾಲಿ ಹಾಳೆ ಬಂತು. ಎರಡನೆಯ ವಾರ ಬಾಣಲೆ, ಬಜ್ಜಿ ಎತ್ತುವ ಝಾರಿ. ಮೂರನೆಯ ವಾರ ಒಂದು ಮೊಣಕೈ. ಐದನೆಯ ಬುಧವಾರದ ಚಿತ್ರವನ್ನು ಗುರುವಾರ ಬೆಳಿಗ್ಗೆ ಅಕ್ಕೋರಿಗಿಂತ ಮೊದಲು ನನಗೇ ತಂದು ತೋರಿಸಿದಳು. ಏಳೆಂಟು ಗೆರೆ, ಅಷ್ಟೇ. ಬಲಭುಜ ಮುಂದೆ ಮಾಡಿ, ಗಲ್ಲ ಹಿಂದಕ್ಕೆ ಎಳೆದು, ಸೊಂಟ ಓರೆ ಮಾಡಿಕೊಂಡು ನಿಂತ ಹೆಂಗಸು. ಮೈಯೆಲ್ಲ ಹಿಂದೆ ಸರಿದಿದೆ, ಕೈ ಮಾತ್ರ ಮುಂದಿದೆ.

"ಖರೇನ ಕಸ್ತೂರಿನ ಐತಲ್ಲೇ!" ಅಂದೆ. "ಬಾಣಲಿ ಬರಿಯೋದು ಮರತಿಯೇನು?"

"ಅಲ್ಲಿ ಬಾಣಲಿ ಇಲ್ಲ ಆಯಿ. ಇದು ಅವ್ವ ದೇವರಿಗಿ ಕೈ ಮುಗಿಯೋಮುಂದ ಬರದದ್ದು." ಅವಳ ಕಣ್ಣು ಹೊಳೆಯುತ್ತಿದ್ದವು. "ದೇವರ ಮುಂದೂ ಎಣ್ಣಿ ಸಿಡಿತೈತಿ ಅನ್ನೋಹಂಗ ನಿಲ್ತಾಳ ಆಯಿ! ಓಣ್ಯಾಗ ಮಾತಾಡೋಮುಂದೂ ಹಂಗ. ಮಲಗಿದಾಗೂ ಹಂಗ. ನಾ ಇಷ್ಟ ದಿನ ನೋಡೇ ಇಲ್ಲ."

ಆ ಗುರುವಾರ ತಾಟಿನಲ್ಲಿ ಅನ್ನ ಉಳಿಯಲಿಲ್ಲ.

ಪರೀಕ್ಷೆಯ ಬುಧವಾರ ಬಂತು. ಒಲೆ ಹಚ್ಚಿದರೂ ಒಗ್ಗರಣೆ ಹಾಕಕೂಡದು ಅಂತ ಹೆಡ್ ಮಾಸ್ತರರು ನನಗೆ ಕಟ್ಟಪ್ಪಣೆ ಮಾಡಿದ್ದರು. ಸೌಟು ಒರೆಸುತ್ತ ಬಾಗಿಲಲ್ಲಿ ನಿಂತೆ. ಅಂಗಳದ ತುಂಬ ಊರು. ನಡುವೆ ಹನ್ನೆರಡು ಕಂಬಳಿ, ಹನ್ನೆರಡು ಅದೇ ಮುಖ. ಈ ವರ್ಷ ಮಕ್ಕಳು ಬೇಗ ಬೇಗ ಗುರುತಿಸಿದರು. ಈರಣ್ಣ ಓಡಿ ಹೋಗಿ ತನ್ನ ತಾಯಿಯ ಕೈ ಹಿಡಿದು, "ಅವ್ವ ನಿಂತಲ್ಲೇ ತೂಗತಾಳ್ರೀ, ತಮ್ಮನ್ನ ಎತ್ಕೊಂಡಂಗ," ಅಂದ. ಕಂಬಳಿಯ ಒಳಗೆ ಕಂದಮ್ಮ ಇಲ್ಲದ ಕೈಗಳು ತೂಗುತ್ತಲೇ ಇದ್ದವು. ಒಬ್ಬೊಬ್ಬರದೇ ದಾರ ಬಿಚ್ಚಿತು. ಗುರುತು ಸಿಕ್ಕ ತಾಯಂದಿರೂ ಸಾಲು ಬಿಡುವಂತಿಲ್ಲ, ಮತ್ತೆ ಜಾಗ ಬದಲಿಸಿ ನಿಲ್ಲಬೇಕು.

ಕೊನೆಗೆ ದಾನಮ್ಮ. ಅವಳು ಬರುವ ಮೊದಲೇ ನಾನು ಸಾಲಿನ ಮೇಲೆ ಒಂದು ಸಲ ಕಣ್ಣಾಡಿಸಿದೆ. ಹನ್ನೆರಡು ಜನರಲ್ಲಿ ಓರೆಯಾಗಿ ನಿಂತವರು ಒಬ್ಬರೂ ಇರಲಿಲ್ಲ. ಎಡದಿಂದ ಮೂರನೆಯವಳು ಕಂಬಳಿಯ ಅಂಚಿನಿಂದ ಕಿರುಬೆರಳನ್ನು ಹೊರಗೆ ಚಾಚಿದ್ದಳು, ನೆಟ್ಟಗೆ ಕಂಬದ ಹಾಗೆ ನಿಂತಿದ್ದಳು. ಕಸ್ತೂರಿ ಅಲ್ಲ. ಏನು ಮಾಡಿದಳಪ್ಪ ಈ ಹೆಂಗಸು ಅಂದುಕೊಂಡೆ. ಕೂಗಿ ಹೇಳುವಂತಿಲ್ಲ.

ದಾನಮ್ಮ ಸಾಲಿನ ಮುಂದೆ ನಡೆದಳು. ಮೂರನೆಯವಳ ಮುಂದೆ ನಿಂತಳು. ಕಿರುಬೆರಳು ನೋಡಿದಳು. ಆ ಕೈ ಹಿಡಿದುಬಿಟ್ಟರೆ ಸಾಕಿತ್ತು, ದಾರ ಬಿಚ್ಚುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ. ಬಿಟ್ಟು ಮುಂದೆ ಹೋದಳು. ಹನ್ನೆರಡನೆಯವಳ ತನಕ ಹೋಗಿ, ತಿರುಗಿ ಮೊದಲಿನವಳ ತನಕ ಬಂದಳು. ಆಮೇಲೆ ಹೆಡ್ ಮಾಸ್ತರರ ಕಡೆ ತಿರುಗಿ, "ಅವ್ವ ಇದರಾಗ ಇಲ್ರೀ," ಅಂದಳು.

"ಹಂಗ ಹೇಳಾಕ ಬರಂಗಿಲ್ಲವಾ ತಂಗಿ. ಹನ್ನೆರಡು ಮಂದ್ಯಾಗ ಒಬ್ಬಾಕಿನ ಹಿಡೀಬೇಕು."

"ಇಲ್ಲದಾಕಿನ್ನ ಹೆಂಗ ಹಿಡೀಲ್ರೀ?"

ಜನ ಗುಸುಗುಸು ಸುರು ಮಾಡಿದರು. ಹುಡುಗಿ ಈ ಸಲವೂ ಹೋದಳು ಅಂತ ಯಾರೋ ಅಂದರು. ಅಕ್ಕೋರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ದಾನಮ್ಮ ಮೂರನೆಯವಳ ಕಡೆ ಕೈ ತೋರಿಸಿದಳು. "ಇಕಿ ನಮ್ಮ ಮಹಾನಂದಾ ಚಿಕ್ಕವ್ವ. ಕಿರುಬೆರಳು ಹೊರಗ ಹಾಕು ಅಂತ ಇಕಿಗಿ, ಅದನ್ನ ನೋಡಿ ಹಿಡಿ ಅಂತ ನನಗ ಅವ್ವ ಹೇಳಿಕೊಟ್ಟಾಳ."

ಆ ಕಿರುಬೆರಳು ಆಮೆಯ ತಲೆಯ ಹಾಗೆ ಸರಕ್ಕನೆ ಒಳಗೆ ಹೋಯಿತು. ಇಡೀ ಅಂಗಳ ನಕ್ಕಿತು, ಇನ್ನೂರು ಗುಳಿ ಬಿದ್ದವು. ದಾನಮ್ಮ ನಗಲಿಲ್ಲ. ಆ ಇನ್ನೂರು ಜನರ ಕಡೆ ತಿರುಗಿ ನಿಂತಳು. ಕಣ್ಣು ನಿಧಾನವಾಗಿ ಒಂದು ತುದಿಯಿಂದ ಹೊರಟಿತು, ಅಕ್ಕಿ ಆರಿಸುವಾಗ ನಾವು ಮೊರದ ಮೇಲೆ ಹಾಯಿಸುತ್ತೇವಲ್ಲ ಹಾಗೆ. ಆಮೇಲೆ ನಡೆದಳು. ಜನ ದಾರಿ ಬಿಟ್ಟರು. ನೀರಿನ ಟಾಕಿಯ ಪಕ್ಕ, ಯಾರದೋ ಬೂದು ಬಣ್ಣದ ಸೀರೆ ಉಟ್ಟು, ಬಳೆ ತೆಗೆದು, ಹೂವು ಮುಡಿಯದೆ, ತಲೆ ತುಂಬ ಸೆರಗು ಹೊದ್ದು ಒಬ್ಬಳು ನಿಂತಿದ್ದಳು. ಬಲಭುಜ ಮುಂದೆ, ಗಲ್ಲ ಹಿಂದೆ.

ದಾನಮ್ಮ ಆ ಭುಜ ಹಿಡಿದಳು. "ಇಲ್ಲಿ ಎಣ್ಣಿ ಎಲ್ಲೈತಬೇ ಅವ್ವಾ? ನೆಟ್ಟಗ ನಿಲ್ಲು," ಅಂದಳು.

ಕಸ್ತೂರಿ ಅಲ್ಲೇ ಕುಸಿದು ಕೂತಳು. "ಮೂರು ವರ್ಷ ನಾ ನಿಂತೆ, ಮೂರು ವರ್ಷ ಸೋತಿ. ನನ್ನ ಕಾಲ್ಗುಣಾನ ಸರಿ ಇಲ್ಲ ಅನಿಸ್ತು ಮಗಳ. ಮಹಾನಂದಾನ ಮಕ್ಕಳದು ಮೊದಲನೇ ಸಲಕ್ಕ ಬಿಚ್ಚಿತ್ತಲ್ಲ, ಅದಕ್ಕ ಅಕಿನ್ನ ನಿಲ್ಲಿಸಿದೆ," ಅಂತ ಅಳುತ್ತ ಹೇಳಿದಳು.

"ಹುಚ್ಚಿ," ಅಂದಳು ಮಗಳು, ತಾಯಿಯ ತಲೆ ಎದೆಗೆ ಒತ್ತಿಕೊಂಡು.

ಹೆಡ್ ಮಾಸ್ತರರು ಬೀಗದ ಕೈ ತಿರುಗಿಸುತ್ತ, ಇದಕ್ಕೆ ನಿಯಮವೇ ಇಲ್ಲವಲ್ಲ ಅಂದರು. ಅಕ್ಕೋರು ಮುಂದೆ ಬಂದರು. "ನಿಯಮ ಹನ್ನೆರಡು ಜನರಲ್ಲಿ ಹುಡುಕೋದು ಸರ್. ಇವಳು ಇನ್ನೂರು ಜನರಲ್ಲಿ ಹುಡುಕಿದ್ದಾಳೆ." ಸರಿ, ಆದರೆ ಇವಳೇ ಕಸ್ತೂರಿ ಅನ್ನುವುದಕ್ಕೆ ಸಾಕ್ಷಿ ಏನು ಅಂತ ಯಾರೋ ತಕರಾರು ತೆಗೆದರು. ಹೊತ್ತು ಮುಳುಗುವ ತನಕ ಕಾಯೋಣ ಅಂತ ತೀರ್ಮಾನವಾಯಿತು. ಇನ್ನೂರು ಜನ ಸುಮ್ಮನೆ ಹೇಗೆ ಕಾಯುತ್ತಾರೆ? ಕಸ್ತೂರಿ ಕಣ್ಣು ಒರೆಸಿಕೊಂಡು ನನ್ನ ಒಲೆಯ ಮೇಲೆ ದೊಡ್ಡ ಬಾಣಲೆ ಇಟ್ಟಳು. ಮೆಣಸಿನಕಾಯಿ ನಾನು ಸೀಳಿ ಕೊಟ್ಟೆ. ಬಿಸಿ ಬಜ್ಜಿಗೆ ಮಕ್ಕಳು ತಾಟು ಹಿಡಿದು ನಿಂತಾಗ ಅಕ್ಕೋರು ನನ್ನ ಸೌಟು ಕಸಿದುಕೊಂಡು ಬಡಿಸಿದರು, ಒಬ್ಬೊಬ್ಬರದೂ ಹೆಸರು ಹೇಳಿ. ಮೂವತ್ತೆಂಟರಲ್ಲಿ ನಾಲ್ಕು ಮಾತ್ರ ತಪ್ಪಿದರು.

ಕೆರೆಯ ಆಚೆ ಹೊತ್ತು ಇಳಿಯಿತು. ಅವರವರ ಮುಖ ಅವರವರಿಗೆ ಮರಳಿ ಬಂತು. ಬಾಣಲೆಯ ಮುಂದೆ, ಬೆವರಿ, ಓರೆಯಾಗಿ ನಿಂತಿದ್ದವಳು ಕಸ್ತೂರಿಯೇ. ಹೆಡ್ ಮಾಸ್ತರರು ದಾನಮ್ಮನ ಸೊಂಟದ ದಾರದ ಗಂಟು ಬಿಚ್ಚಲು ನೋಡಿದರು. ವರ್ಷಗಟ್ಟಲೆಯ ಗಂಟು, ಬಿಚ್ಚಲಿಲ್ಲ. ನನ್ನ ಈಳಿಗೆಯ ಮೇಲೆ ಇಟ್ಟು ಕತ್ತರಿಸಿದೆವು. ಆ ದಾರದ ತುಂಡು ಬಹಳ ದಿನ ನನ್ನ ಸೌಟಿನ ಹಿಡಿಗೆ ಸುತ್ತಿತ್ತು, ಕೈ ಸುಡದಿರಲಿ ಅಂತ.

ಇದಾಗಿ ಎಷ್ಟೋ ವರ್ಷವಾಯಿತು. ಜಯಶೀಲಾ ಅಕ್ಕೋರು ವರ್ಗವಾಗಿ ಹೋದರು, ನಾನು ಸೌಟು ಕೆಳಗಿಟ್ಟೆ. ನನ್ನ ಕಣ್ಣಿಗೆ ಪೊರೆ ಬಂದು ಈಗ ನನಗೆ ವಾರದ ಏಳೂ ದಿನ ಬುಧವಾರ. ಬೇಜಾರೇನಿಲ್ಲ. ಬಾಗಿಲಲ್ಲಿ ಯಾರೇ ಬಂದು ನಿಂತರೂ ನಿಂತ ರೀತಿ ನೋಡಿ ಹೆಸರು ಹೇಳುತ್ತೇನೆ, ಇದುವರೆಗೆ ತಪ್ಪಿದ್ದಿಲ್ಲ.

ಹೋದ ವಾರ ತಪ್ಪಿದೆ. ಬೆಳಕಿಗೆ ಅಡ್ಡವಾಗಿ ಒಬ್ಬಳು ಬಂದು ನಿಂತಳು. ಬಲಭುಜ ಮುಂದೆ, ಗಲ್ಲ ಹಿಂದೆ, ಸೊಂಟ ಓರೆ. "ಬಾ ಕಸ್ತೂರಿ, ಕೂಡು," ಅಂದೆ.

ಬಂದವಳು ಗೊಳ್ಳೆಂದು ನಕ್ಕಳು. "ಆಯಿ, ನಾ ದಾನಮ್ಮ!"

ದಾನಮ್ಮ ಈಗ ಅದೇ ಶಾಲೆಯಲ್ಲಿ ಅಕ್ಕೋರು. ನಾಲ್ಕನೇ ತಾಸು ಅವಳದೇ. ಸೀಮೆಸುಣ್ಣ ಹಿಡಿದ ಕೈ ಅದು, ಝಾರಿ ಹಿಡಿದು ಒಂದು ದಿನವೂ ಬಜ್ಜಿ ಕರಿದದ್ದಿಲ್ಲ.

"ಇಲ್ಲಿ ಎಣ್ಣಿ ಎಲ್ಲೈತಿ? ನೆಟ್ಟಗ ನಿಲ್ಲು," ಅಂದೆ.

ನಿಂತಳು, ಒಂದು ಗಳಿಗೆ. ಆಮೇಲೆ ಮಾತಾಡುತ್ತ ಮಾತಾಡುತ್ತ ಬಲಭುಜ ತಾನಾಗಿ ಮುಂದೆ ಬಂತು.